ಬ್ಯಾಂಕಾಕ್‌ನಲ್ಲಿ ಕಡಿಮೆ ಖರ್ಚಿನಲ್ಲಿ ಎಲ್ಲಿ ಉಳಿಯಬೇಕು? ಖಾವ್ ಸಾನ್, ಚೈನಾಟೌನ್, ಸುಖುಮ್ವಿತ್, ಸಿಲೋಮ್, ಪ್ರತೂನಾಮ್

ಬ್ಯಾಂಕಾಕ್‌ನಲ್ಲಿ ರೂಮ್ ಹುಡುಕುವಾಗ ಬೆಲೆಗಿಂತ ಮೊದಲು ಒಂದು ವಿಷಯ ನೋಡಿ. ರೂಮಿನ ಬಾಗಿಲಿನಿಂದ ಹತ್ತಿರದ ರೈಲು ಸ್ಟೇಷನ್‌ಗೋ ದೋಣಿ ಕಟ್ಟೆಗೋ ಬಿಸಿಲಲ್ಲಿ ಎಷ್ಟು ನಿಮಿಷ ನಡೆಯಬೇಕು? ಐದು ನಿಮಿಷವಾದರೆ ಒಳ್ಳೆಯ ರೂಮ್. ಹತ್ತು ನಿಮಿಷವಾದರೆ ಯೋಚಿಸಿ. ಇಪ್ಪತ್ತಾದರೆ, ಅದು ಎಷ್ಟೇ ಅಗ್ಗ ಇರಲಿ, ಬಿಟ್ಟುಬಿಡಿ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಅಲ್ಲಿನ ಸೆಕೆ. ನಕ್ಷೆಯಲ್ಲಿ ಬೆಂಗಳೂರು ಮತ್ತು ಬ್ಯಾಂಕಾಕ್ ಹೆಚ್ಚು ಕಡಿಮೆ ಒಂದೇ ಅಕ್ಷಾಂಶದಲ್ಲಿವೆ, ಎರಡೂ 13 ಡಿಗ್ರಿ ಉತ್ತರದ ಆಸುಪಾಸು. ಆದರೆ ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ. ಬ್ಯಾಂಕಾಕ್ ಒಂದೆರಡು ಮೀಟರ್ ಎತ್ತರದಲ್ಲಿ, ಚಾವ್ ಪ್ರಯಾ ನದಿಯ ಜೌಗು ಬಯಲಿನಲ್ಲಿ ಕೂತಿದೆ. ಮಂಗಳೂರು, ಉಡುಪಿ, ಕಾರವಾರದ ಕಡೆಯವರಿಗೆ ಈ ಬೆವರು ಹೊಸದಲ್ಲ. ಬೆಂಗಳೂರು, ಮೈಸೂರಿನಿಂದ ನೇರ ಹೋಗಿ ಇಳಿದವರಿಗೆ ಮೊದಲ ಮಧ್ಯಾಹ್ನವೇ ತಲೆ ಸುತ್ತುತ್ತದೆ. ಅದರ ಮೇಲೆ ಕಾಂಕ್ರೀಟು, ವಾಹನಗಳ ಹೊಗೆ, ಸಾವಿರಾರು ಏಸಿಗಳು ರಸ್ತೆಗೆ ಬಿಡುವ ಬಿಸಿಗಾಳಿ, ಫುಟ್‌ಪಾತಿನ ತುಂಬ ತಳ್ಳುಗಾಡಿಗಳು, ಅವುಗಳ ನಡುವೆ ನುಗ್ಗುವ ಬೈಕುಗಳು, ಎಲ್ಲಾ ಒಟ್ಟಿಗೆ ಮೈಮೇಲೆ ಬರುತ್ತವೆ.

ಹಾಗಾಗಿ ದೂರದ ರೂಮಿನಲ್ಲಿ 200 ಬಾಟ್ ಉಳಿಸಿದಿರಿ ಅಂದುಕೊಳ್ಳಿ. ಒಂದು ಬಾಟ್ ಅಂದರೆ ಎರಡೂವರೆಯಿಂದ ಮೂರು ರೂಪಾಯಿ ಅಂತ ಲೆಕ್ಕ ಇಟ್ಟುಕೊಳ್ಳಿ. ಮಧ್ಯಾಹ್ನ ಸ್ನಾನಕ್ಕೆ ವಾಪಸ್ ಬರಲೇಬೇಕು, ಸಂಜೆ ಮತ್ತೆ ಹೊರಡಬೇಕು, ಎರಡೂ ಸಲ ನಡೆಯುವ ಶಕ್ತಿ ಇರುವುದಿಲ್ಲ, ಟ್ಯಾಕ್ಸಿಗೆ ಕೈ ತೋರಿಸುತ್ತೀರಿ, ಅಲ್ಲಿಗೆ ಆ 200 ಬಾಟ್ ಮುಗಿಯಿತು. ಬಡ ಪ್ರವಾಸಿಯ ದುಡ್ಡನ್ನು ಈ ಊರಲ್ಲಿ ತಿನ್ನುವುದು ಬಿಸಿಲು. ಕೆಳಗಿನ ಹೋಲಿಕೆಯೆಲ್ಲಾ ಈ ಒಂದು ಅಳತೆಗೋಲಿನ ಮೇಲೆಯೇ ನಿಂತಿದೆ.

ಖಾವ್ ಸಾನ್ ಮತ್ತು ಬಾಂಗ್‌ಲಂಫು: ಹೆಸರು ದೊಡ್ಡದು, ರೈಲಿಲ್ಲ

ಬೆನ್ನಿಗೆ ಬ್ಯಾಗ್ ಹಾಕಿಕೊಂಡು ಹೊರಟವರೆಲ್ಲಾ ಮೊದಲು ಕೇಳುವ ಹೆಸರು ಖಾವ್ ಸಾನ್ ರಸ್ತೆ. 1980ರ ದಶಕದಿಂದ ಇದು ಬ್ಯಾಕ್‌ಪ್ಯಾಕರ್‌ಗಳ ಬೀದಿ. ರಾತ್ರಿ ಹಾಡು, ಕುಡಿತ, ಕೂಗಾಟ ಜಾಸ್ತಿ. ನಿದ್ದೆ ಬೇಕಾದವರು ಆ ರಸ್ತೆಯ ಮೇಲೆಯೇ ರೂಮ್ ತಗೋಬೇಡಿ, ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಪಕ್ಕದ ಸೋಯಿ ರಾಂಬುತ್ರಿಯಲ್ಲಿ (ಸೋಯಿ ಅಂದರೆ ಅಡ್ಡರಸ್ತೆ) ಮರಗಳ ನೆರಳಿದೆ, ಗದ್ದಲ ಕಡಿಮೆ. ಕಾಲುವೆ ದಾಟಿ ಸಾಮ್‌ಸೆನ್ ರಸ್ತೆಯ ಗಲ್ಲಿಗಳಿಗೆ ಹೋದರೆ ಇನ್ನೂ ಶಾಂತ, ಅಲ್ಲಿ ಮನೆಯ ಮಹಡಿಯನ್ನೇ ಗೆಸ್ಟ್‌ಹೌಸ್ ಮಾಡಿದವರಿದ್ದಾರೆ, ಬೆಳಗ್ಗೆ ಭಿಕ್ಷುಗಳು ಬರಿಗಾಲಲ್ಲಿ ಭಿಕ್ಷೆಗೆ ಹೊರಟಿರುತ್ತಾರೆ. ರೂಮ್ ಹುಡುಕುವಾಗ ಖಾವ್ ಸಾನ್ ಅಂತ ಬೇಡ, ಆ ಸುತ್ತಲ ಪ್ರದೇಶದ ಹೆಸರಾದ ಬಾಂಗ್‌ಲಂಫು ಅಂತ ಹುಡುಕಿ. ಡಾರ್ಮಿಟರಿ ಹಾಸಿಗೆ ಸುಮಾರು 300ರಿಂದ 500 ಬಾಟ್, ಏಸಿ ಇರುವ ಸಣ್ಣ ರೂಮ್ 700ರಿಂದ 1000ದ ಆಸುಪಾಸು ಸಿಗುತ್ತದೆ.

ಇಲ್ಲಿನ ದೊಡ್ಡ ಲಾಭ ಹಳೇ ಊರು. ರಾಜರ ಅರಮನೆ (ಗ್ರ್ಯಾಂಡ್ ಪ್ಯಾಲೇಸ್), ವಾಟ್ ಫೋ (ವಾಟ್ ಅಂದರೆ ದೇವಸ್ಥಾನ), ಬಂಗಾರದ ಗುಡ್ಡದ ದೇವಸ್ಥಾನ ವಾಟ್ ಸಾಕೇತ್, ಎಲ್ಲವೂ ಒಂದೆರಡು ಕಿಲೋಮೀಟರ್ ಒಳಗೆ. ಬೆಳಗ್ಗೆ ಏಳೂವರೆಗೆ ಹೊರಟರೆ ಅರಮನೆಯ ಬಾಗಿಲು ತೆಗೆಯುವ ಎಂಟೂವರೆಗೆ ಆರಾಮಾಗಿ ನಡೆದೇ ತಲುಪಬಹುದು, ಆ ಹೊತ್ತಿನ ಬಿಸಿಲು ತಡೆಯುತ್ತದೆ. ಅರಮನೆಯ ಟಿಕೆಟ್ 500 ಬಾಟ್, ಸಣ್ಣ ಬಜೆಟ್ಟಿಗೆ ಭಾರವೇ. ಆದರೂ ನೋಡಿ ಅಂತಲೇ ಹೇಳುತ್ತೇನೆ. ಒಳಗಿನ ಪಚ್ಚೆ ಬುದ್ಧನ ದೇವಸ್ಥಾನದ ಸುತ್ತುಗೋಡೆಯಲ್ಲಿ ಥಾಯ್ ರಾಮಾಯಣವಾದ ರಾಮಕಿಯೆನ್‌ನ 178 ಚಿತ್ರಗಳಿವೆ. ಹನುಮಂತ, ಕುಂಭಕರ್ಣ, ಸೇತುವೆ ಕಟ್ಟುವ ಕಪಿಗಳು, ಹತ್ತು ತಲೆಯ ರಾವಣ. ಗೈಡ್ ಇಲ್ಲದೆ ಕಥೆ ಗುರುತಿಸುತ್ತಾ ಹೋಗುವ ಸುಖ ನಮಗೆ ಇದೆ, ಪಕ್ಕದಲ್ಲಿ ನಿಂತ ಯುರೋಪಿನವರಿಗೆ ಇಲ್ಲ. ಹನುಮಂತ ಅಲ್ಲಿ ಬ್ರಹ್ಮಚಾರಿ ಅಲ್ಲ, ಮದುವೆ ಮಕ್ಕಳು ಎಲ್ಲಾ ಇದೆ, ಅದನ್ನೂ ಗಮನಿಸಿ. ಚಿತ್ರಗಳೆಲ್ಲಾ ನೆರಳಿನ ಪ್ರಾಕಾರದಲ್ಲಿವೆ, ಬಿಸಿಲೇರಿದ ಮೇಲೂ ನಿಧಾನಕ್ಕೆ ನೋಡಬಹುದು. ಮಂಡಿ ಮತ್ತು ಭುಜ ಮುಚ್ಚುವ ಬಟ್ಟೆ ಹಾಕಿಕೊಂಡೇ ಹೋಗಿ.

ಈಗ ತೊಂದರೆ. ಬಾಂಗ್‌ಲಂಫುವಿಗೆ ರೈಲಿಲ್ಲ. ಹತ್ತಿರದ ಮೆಟ್ರೋ ಸ್ಟೇಷನ್ ಸಾಮ್ ಯೋತ್, ಸುಮಾರು ಎರಡು ಕಿಲೋಮೀಟರ್. ಹೊಸ ಮಾರ್ಗದ ಕೆಲಸ ನಡೆಯುತ್ತಿದೆ, ಅದು ಮುಗಿದ ಮೇಲೆ ಈ ಮಾತು ಬದಲಾಗುತ್ತದೆ. ಅಲ್ಲಿವರೆಗೆ ನಿಮಗಿರುವುದು ಫ್ರಾ ಆತಿತ್ ಕಟ್ಟೆಯಿಂದ ದೋಣಿ, ಇಲ್ಲದಿದ್ದರೆ ಬಸ್ಸು. ದೋಣಿ ತುಂಬಾ ಒಳ್ಳೆಯದು, ಆದರೆ ಸಂಜೆ ಏಳರ ಹೊತ್ತಿಗೆ ನಿಂತುಬಿಡುತ್ತದೆ. ರಾತ್ರಿ ದೊಡ್ಡ ಮಾಲ್‌ಗಳಿರುವ ಸಿಯಾಮ್ ಕಡೆಯಿಂದ ವಾಪಸ್ ಬರುವವರು ಟ್ರಾಫಿಕ್‌ನಲ್ಲಿ ಕೂರಬೇಕು. ಒಬ್ಬರೇ ಹೋಗುವ ಹುಡುಗ ಹುಡುಗಿಯರಿಗೆ, ಹಾಸ್ಟೆಲ್‌ನಲ್ಲಿ ನಾಲ್ಕು ಜನರ ಪರಿಚಯ ಆಗಲಿ ಅನ್ನುವವರಿಗೆ ಈ ಜಾಗ ಸರಿ. ವಯಸ್ಸಾದ ಅಪ್ಪ ಅಮ್ಮನ ಜೊತೆ ಹೋಗುವವರಿಗೆ ಬೇಡ.

ಚೈನಾಟೌನ್: ನನ್ನ ಮೊದಲ ಆಯ್ಕೆ

ಯಾವರಾತ್ ರಸ್ತೆ, ಅದರ ಸುತ್ತಲ ಗಲ್ಲಿಗಳು. 2019ರವರೆಗೆ ಇಲ್ಲೂ ರೈಲಿರಲಿಲ್ಲ. ಆ ವರ್ಷ ಮೆಟ್ರೋದ ನೀಲಿ ಮಾರ್ಗವನ್ನು ಹುವಾ ಲಂಫೊಂಗ್‌ನಿಂದ ಮುಂದಕ್ಕೆ ಎಳೆದರು, ವಾಟ್ ಮಂಕೋನ್ ಅನ್ನುವ ಸ್ಟೇಷನ್ ಚೈನಾಟೌನ್ ನಡುಮಧ್ಯೆ ಬಂತು. ಕಡಿಮೆ ಖರ್ಚಿನ ಪ್ರವಾಸಿಗೆ ಇದಕ್ಕಿಂತ ದೊಡ್ಡ ಉಪಕಾರ ಆ ಊರಲ್ಲಿ ಇನ್ನೊಂದು ಆಗಿಲ್ಲ ಅಂತ ನನಗೆ ಅನ್ನಿಸುತ್ತದೆ. ಹಳೇ ಅಂಗಡಿಮನೆಗಳನ್ನು ಹಾಸ್ಟೆಲ್ ಮಾಡಿದ್ದಾರೆ, ದರ ಖಾವ್ ಸಾನ್‌ಗೆ ಹತ್ತಿರ ಹತ್ತಿರ, ಆದರೆ ಕೆಳಗಿಳಿದು ಐದು ನಿಮಿಷದಲ್ಲಿ ತಣ್ಣನೆಯ ನೆಲದಡಿಯ ಸ್ಟೇಷನ್.

ವಾಟ್ ಮಂಕೋನ್‌ನಿಂದ ಒಂದು ಸ್ಟೇಷನ್ ಮುಂದೆ ಸಾಮ್ ಯೋತ್. ಅಲ್ಲಿಂದ ಸ್ವಲ್ಪ ನಡೆದರೆ ಪಹುರಾತ್, ಬ್ಯಾಂಕಾಕ್‌ನ ಲಿಟಲ್ ಇಂಡಿಯಾ. ಬಟ್ಟೆ ಅಂಗಡಿಗಳು, ಪಂಜಾಬಿ ಸಿಹಿತಿಂಡಿ, ಚಹಾ, ಬಂಗಾರದ ಗುಮ್ಮಟದ ದೊಡ್ಡ ಗುರುದ್ವಾರ. ಅಲ್ಲಿ ಯಾರು ಬೇಕಾದರೂ ಲಂಗರ್ ಅನ್ನುವ ಉಚಿತ ಊಟ ಮಾಡಬಹುದು, ತಲೆಗೆ ಬಟ್ಟೆ ಕಟ್ಟಿಕೊಂಡು, ಗೌರವದಿಂದ ನೆಲದ ಮೇಲೆ ಕೂತು. ಎರಡನೇ ಸ್ಟೇಷನ್ ಸನಾಮ್ ಚಾಯ್. ಅಲ್ಲಿಂದ ವಾಟ್ ಫೋ ಐದಾರು ನಿಮಿಷದ ನಡಿಗೆ. ಮಲಗಿದ ಬುದ್ಧನ ಮೂರ್ತಿ 46 ಮೀಟರ್ ಉದ್ದ, 15 ಮೀಟರ್ ಎತ್ತರ, ಪಾದಗಳಲ್ಲಿ ಕಪ್ಪೆಚಿಪ್ಪಿನ ಕೆತ್ತನೆ. ಅಲ್ಲಿಂದ ಥಾ ತಿಯೆನ್ ಕಟ್ಟೆಗೆ ಬಂದು, ಕೆಲವೇ ಬಾಟ್ ಕೊಟ್ಟು ನದಿ ದಾಟಿದರೆ ವಾಟ್ ಅರುಣ್. ಹೀಗೆ ಹಳೇ ಊರಿನ ಮುಖ್ಯ ಜಾಗಗಳೆಲ್ಲಾ ಟ್ರಾಫಿಕ್ ಮುಟ್ಟದೆ ಮುಗಿಯುತ್ತವೆ. ಇನ್ನೊಂದು ದಿಕ್ಕಿನಲ್ಲಿ ಒಂದೇ ಸ್ಟೇಷನ್ ಹೋದರೆ ಹುವಾ ಲಂಫೊಂಗ್, ಅದರ ಹತ್ತಿರ ವಾಟ್ ತ್ರೈಮಿತ್. ಅಲ್ಲಿನ ಬಂಗಾರದ ಬುದ್ಧ ಸುಮಾರು ಐದೂವರೆ ಟನ್ ತೂಕ. ಶತಮಾನಗಳ ಕಾಲ ಗಾರೆ ಮೆತ್ತಿದ ಸಾಮಾನ್ಯ ಮೂರ್ತಿ ಅಂತಲೇ ಎಲ್ಲರೂ ತಿಳಿದಿದ್ದರು, 1955ರಲ್ಲಿ ಸಾಗಿಸುವಾಗ ಗಾರೆ ಒಡೆದು ಒಳಗಿನ ಚಿನ್ನ ಕಂಡಿತು.

ಸಂಜೆಯಾದರೆ ಯಾವರಾತ್ ರಸ್ತೆಯೇ ಬೇರೆ. ಕೆಂಪು ಹಳದಿ ಬೋರ್ಡುಗಳು ಹೊತ್ತಿಕೊಳ್ಳುತ್ತವೆ, ರಸ್ತೆಯ ಅಂಚಿಗೆ ಪ್ಲಾಸ್ಟಿಕ್ ಸ್ಟೂಲು ಬೀಳುತ್ತವೆ, ಬಾಣಲೆಗಳಿಂದ ಬೆಂಕಿ ಏಳುತ್ತದೆ. ಜನಸಂದಣಿ ವಿಪರೀತ, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿರಿ. ಸೋಮವಾರ ತುಂಬಾ ಗಾಡಿಗಳು ಇರುವುದಿಲ್ಲ, ಆ ದಿನ ಇದನ್ನು ನಂಬಿಕೊಳ್ಳಬೇಡಿ.

ಚೈನಾಟೌನ್ ರೂಮಿನಲ್ಲಿ ಒಂದನ್ನು ಪರೀಕ್ಷಿಸಲೇಬೇಕು: ಕಿಟಕಿ. ಉದ್ದನೆಯ ಹಳೇ ಕಟ್ಟಡಗಳಾದ್ದರಿಂದ ನಡುವಿನ ಎಷ್ಟೋ ರೂಮುಗಳಿಗೆ ಕಿಟಕಿಯೇ ಇರುವುದಿಲ್ಲ. ಅಗ್ಗ ಇರುವುದು ಅದಕ್ಕೇ. ಒಂದು ರಾತ್ರಿಗೆ ಸರಿ, ನಾಲ್ಕು ರಾತ್ರಿಗೆ ಮನಸ್ಸು ಕುಗ್ಗುತ್ತದೆ. ಬುಕ್ ಮಾಡುವ ಮೊದಲು ಬರೆದು ಕೇಳಿ. ಲಿಫ್ಟ್ ಇದೆಯಾ ಅಂತಲೂ ಕೇಳಿ.

ಸುಖುಮ್ವಿತ್: ಆರಾಮ ಬೇಕಾದವರಿಗೆ

ಸುಖುಮ್ವಿತ್ ಒಂದು ಉದ್ದನೆಯ ಹೆದ್ದಾರಿ. ಅದರ ತಲೆಯ ಮೇಲೆ ಬಿಟಿಎಸ್ ಸ್ಕೈಟ್ರೈನ್ ಓಡುತ್ತದೆ, 1999ರ ಡಿಸೆಂಬರ್‌ನಲ್ಲಿ ಶುರುವಾದದ್ದು. ಎಡಬಲಕ್ಕೆ ಸೋಯಿಗಳು, ಒಂದು ಕಡೆ ಬೆಸಸಂಖ್ಯೆ, ಇನ್ನೊಂದು ಕಡೆ ಸಮಸಂಖ್ಯೆ. ಹುಷಾರು, ಎದುರುಬದುರು ನಂಬರ್ ಹೊಂದುವುದಿಲ್ಲ. ಕೆಲವು ಸೋಯಿಗಳು ಒಂದು ಕಿಲೋಮೀಟರ್‌ಗಿಂತ ಉದ್ದ ಇವೆ. ಜಾಹೀರಾತಿನಲ್ಲಿ ಸ್ಟೇಷನ್ ಹತ್ತಿರ ಅಂತ ಇದ್ದರೂ ಹೋಟೆಲ್ ಸೋಯಿಯ ತುದಿಯಲ್ಲಿರಬಹುದು, ನಕ್ಷೆಯಲ್ಲಿ ನೀವೇ ಅಳೆದು ನೋಡಿ.

ನಾನಾ ಸ್ಟೇಷನ್ ಸುತ್ತ ರಾತ್ರಿಯ ಬಾರುಗಳ ವ್ಯವಹಾರ ಜಾಸ್ತಿ, ಮಕ್ಕಳ ಜೊತೆ ಹೋಗುವವರಿಗೆ ಮುಜುಗರ ಆಗುತ್ತದೆ. ಭಾರತೀಯ ಹೋಟೆಲುಗಳು ಮಾತ್ರ ಆ ಸುತ್ತಲೇ ಜಾಸ್ತಿ. ಅಸೋಕ್ ನನಗೆ ಇಷ್ಟ, ಸ್ಕೈಟ್ರೈನ್ ಮತ್ತು ಮೆಟ್ರೋ ಎರಡೂ ಅಲ್ಲಿ ಕೂಡುತ್ತವೆ. ಬೆಲೆ ಮಾತ್ರ ಏರುತ್ತದೆ, ಸಾಧಾರಣ ರೂಮಿಗೇ 1000, 1500 ಬಾಟ್. ಆದರೆ ಸ್ಟೇಷನ್‌ಗೆ ಅಂಟಿಕೊಂಡಿರುವ ಟರ್ಮಿನಲ್ 21 ಮಾಲ್‌ನ ಮೇಲಿನ ಮಹಡಿಯಲ್ಲಿ ಪಿಯರ್ 21 ಅಂತ ಫುಡ್ ಕೋರ್ಟ್ ಇದೆ. ಮಾಲ್ ಅಂತ ಹೆದರಬೇಡಿ, ಅಲ್ಲಿನ ಊಟ ಬೀದಿಬದಿಯ ಬೆಲೆಗೇ ಸಿಗುತ್ತದೆ, ಅದೂ ಏಸಿಯಲ್ಲಿ. ಮಧ್ಯಾಹ್ನ ಒಂದರಿಂದ ಮೂರರವರೆಗೆ ಬಿಸಿಲಿನಿಂದ ತಪ್ಪಿಸಿಕೊಳ್ಳುವುದಕ್ಕೆ ಇಂಥ ಜಾಗ ಬಂಗಾರ.

ದುಡ್ಡು ಉಳಿಯಬೇಕು, ರೈಲೂ ಬೇಕು ಅಂದರೆ ಅದೇ ಮಾರ್ಗದಲ್ಲಿ ಪೂರ್ವಕ್ಕೆ ಓನ್ ನುತ್‌ವರೆಗೆ ಹೋಗಿ. ಅಲ್ಲಿ ಪ್ರವಾಸಿಗಳು ಕಡಿಮೆ, ಆಫೀಸಿಗೆ ಹೋಗುವ ಸಾಮಾನ್ಯ ಥಾಯ್ ಜನ ಜಾಸ್ತಿ, ಊಟವೂ ರೂಮೂ ಅಗ್ಗ. ಒಂದು ವಾರಕ್ಕಿಂತ ಹೆಚ್ಚು ಉಳಿಯುವವರಿಗೆ, ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡುವವರಿಗೆ ಓನ್ ನುತ್ ಹೇಳಿ ಮಾಡಿಸಿದ ಜಾಗ. ಮೂರೇ ದಿನಕ್ಕೆ ಹೋಗಿ ದೇವಸ್ಥಾನ ನೋಡುವವರಿಗೆ ಅದು ದೂರವಾಯಿತು.

ಸಿಲೋಮ್ ಮತ್ತು ಪ್ರತೂನಾಮ್

ಸಿಲೋಮ್ ಬ್ಯಾಂಕು, ಆಫೀಸುಗಳ ಪ್ರದೇಶ. ರೂಮ್ ಅಷ್ಟು ಅಗ್ಗ ಇಲ್ಲ, ಹುಡುಕಿದರೆ ಹಾಸ್ಟೆಲ್ ಸಿಗುತ್ತದೆ. ಆದರೆ ಇಲ್ಲಿನ ಅನುಕೂಲ ಬೇರೆ ಎಲ್ಲೂ ಇಲ್ಲ: ಸ್ಕೈಟ್ರೈನ್ ಇದೆ, ಮೆಟ್ರೋ ಇದೆ, ಸಫಾನ್ ತಕ್ಸಿನ್ ಸ್ಟೇಷನ್ ಕೆಳಗೇ ನದಿ ದೋಣಿಗಳ ಮುಖ್ಯ ಕಟ್ಟೆ ಸಾಥೋರ್ನ್ ಇದೆ. ಬೆಳಗಿನ ತಂಪಿಗೆ ಲುಂಫಿನಿ ಪಾರ್ಕ್, ಅದರ ಕೆರೆಯಲ್ಲಿ ಮನುಷ್ಯರಿಗೆ ಹೆದರದ ದೊಡ್ಡ ದೊಡ್ಡ ಉಡಗಳು. ಪಾನ್ ರಸ್ತೆಯ ಮೂಲೆಯಲ್ಲಿ 19ನೇ ಶತಮಾನದಲ್ಲಿ ತಮಿಳರು ಕಟ್ಟಿದ ಮಾರಿಯಮ್ಮನ ಗುಡಿ, ಥಾಯ್ ಜನ ವಾಟ್ ಖೇಕ್ ಅನ್ನುತ್ತಾರೆ. ಗೋಪುರ ನಮ್ಮ ಕಡೆಯದೇ, ಆದರೆ ಸಾಲಿನಲ್ಲಿ ನಿಂತವರಲ್ಲಿ ಥಾಯ್ ಭಕ್ತರೇ ಜಾಸ್ತಿ. ಚೆಂಡುಹೂವಿನ ಮಾಲೆ ಹಿಡಿದು ಅವರು ಎಷ್ಟು ಶ್ರದ್ಧೆಯಿಂದ ಕೈ ಮುಗಿಯುತ್ತಾರೆ ಅಂತ ನೋಡಿದರೆ ಮನಸ್ಸು ತುಂಬುತ್ತದೆ. ನವರಾತ್ರಿಯಲ್ಲಿ ಇಲ್ಲಿ ದೊಡ್ಡ ಉತ್ಸವ.

ಹಿರಿಯರನ್ನು ಕರೆದುಕೊಂಡು ಹೋಗುವವರು ಅಸೋಕ್ ಅಥವಾ ಸಿಲೋಮ್ ಎರಡರಲ್ಲಿ ಒಂದನ್ನು ಆರಿಸಿ. ನದಿ, ದೋಣಿ ಇಷ್ಟ ಇದ್ದರೆ ಸಿಲೋಮ್.

ಪ್ರತೂನಾಮ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಭಾರತದ ಟೂರ್ ಕಂಪನಿಗಳು ಜನರನ್ನು ತಂದು ಇಳಿಸುವುದು ಬಹುಪಾಲು ಇಲ್ಲೇ. ಸಗಟು ಬಟ್ಟೆ ವ್ಯಾಪಾರ, ಪ್ಲಾಟಿನಮ್ ಮಾಲ್, ಸುತ್ತ ಭಾರತೀಯ ಹೋಟೆಲುಗಳು. ಬಟ್ಟೆ ಖರೀದಿಗೇ ಹೋಗುವವರಿಗೆ ಸರಿ. ಊರು ನೋಡುವುದಕ್ಕೆ ಹೋಗುವವರಿಗೆ ಅಲ್ಲಿನ ನೂಕುನುಗ್ಗಲು ಸುಮ್ನೆ ಸುಸ್ತು. ಚಿತ್ ಲೋಮ್ ಸ್ಟೇಷನ್‌ನಿಂದ ಪ್ಲಾಟಿನಮ್‌ವರೆಗೆ ಮೇಲ್ಸೇತುವೆಯ ಕಾಲುದಾರಿ ಇದೆ, ಮಳೆ ಬಿಸಿಲು ತಗಲದೆ ನಡೆಯಬಹುದು, ಅದೊಂದು ಸಮಾಧಾನ.

ಫ್ಯಾನ್ ರೂಮೋ ಏಸಿಯೋ?

ಡಿಸೆಂಬರ್, ಜನವರಿ ಬಿಟ್ಟು ಬೇರೆ ತಿಂಗಳಲ್ಲಿ ಫ್ಯಾನ್ ರೂಮ್ ತಗೋಬೇಡಿ. ರಾತ್ರಿ ಹನ್ನೆರಡಕ್ಕೂ ಗೋಡೆ ಬಿಸಿ ಬಿಡುತ್ತಿರುತ್ತದೆ, ನಿದ್ದೆ ಕೆಟ್ಟರೆ ಮರುದಿನವೂ ಕೆಟ್ಟಂತೆ. ಉಳಿಸಲೇಬೇಕು ಅಂದರೆ ಫ್ಯಾನ್ ಇರುವ ಸ್ವಂತ ರೂಮಿಗಿಂತ ಏಸಿ ಇರುವ ಡಾರ್ಮಿಟರಿ ಮೇಲು. ಹಾಸ್ಟೆಲ್ ಆರಿಸುವಾಗ ಚೆಕ್‌ಔಟ್ ಆದಮೇಲೂ ಸ್ನಾನ ಮಾಡಲು, ಬ್ಯಾಗ್ ಇಡಲು ಬಿಡುತ್ತಾರಾ ಅಂತ ವಿಚಾರಿಸಿ. ಬೆಂಗಳೂರಿನಿಂದ ಹೊರಡುವ ಎಷ್ಟೋ ವಿಮಾನಗಳು ಬೆಳಗಿನ ಜಾವ ಇಳಿಯುತ್ತವೆ, ರೂಮ್ ಸಿಗುವುದು ಮಧ್ಯಾಹ್ನ ಎರಡಕ್ಕೆ. ಆ ನಡುವಿನ ಹೊತ್ತಿನಲ್ಲಿ ಬೆವರಿದ ಮೈಗೆ ಒಂದು ಸ್ನಾನ ಸಿಕ್ಕರೆ ದಿನವೇ ಬೇರೆಯಾಗುತ್ತದೆ.

ಓಡಾಟಕ್ಕೆ ಯಾವುದು?

ದೋಣಿ, ಎರಡನೇ ಮಾತಿಲ್ಲ. ಚಾವ್ ಪ್ರಯಾ ಎಕ್ಸ್‌ಪ್ರೆಸ್‌ನಲ್ಲಿ ಕಿತ್ತಳೆ ಬಾವುಟದ ದೋಣಿ ಊರಿನವರದ್ದು, ಎಲ್ಲಿಂದ ಎಲ್ಲಿಗೆ ಹೋದರೂ 16 ಬಾಟ್. ನೀಲಿ ಬಾವುಟದ್ದು ಪ್ರವಾಸಿಗಳಿಗೆ ಅಂತಲೇ ಇರುವುದು, ಅದಕ್ಕೆ ದರ ಜಾಸ್ತಿ. ಕಟ್ಟೆಯಲ್ಲಿ ನೀಲಿ ದೋಣಿಯ ಟಿಕೆಟ್ ಮಾರುವವರೇ ಮೊದಲು ಕಣ್ಣಿಗೆ ಬೀಳುತ್ತಾರೆ, ನೀವು ಕಿತ್ತಳೆ ಅಂತ ಕೇಳಿ. ಸಾಥೋರ್ನ್‌ನಿಂದ ಫ್ರಾ ಆತಿತ್‌ವರೆಗೆ ಅರ್ಧ ಗಂಟೆ, ಗಾಳಿ ಮುಖಕ್ಕೆ ಹೊಡೆಯುತ್ತದೆ, ಒಂದು ದಡದಲ್ಲಿ ವಾಟ್ ಅರುಣ್, ಇನ್ನೊಂದು ದಡದಲ್ಲಿ ಅರಮನೆಯ ಚಿನ್ನದ ಶಿಖರಗಳು. ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಸುಖ ಆ ಊರಿನಲ್ಲಿ ಬೇರೆ ಕಡೆ ನನಗೆ ಸಿಕ್ಕಿಲ್ಲ.

ಇನ್ನೊಂದು ದೋಣಿ ಸೇನ್ ಸೇಪ್ ಕಾಲುವೆಯದ್ದು. ಹಳೇ ಊರಿನ ಫಾನ್ ಫಾ ಕಟ್ಟೆಯಿಂದ ಪ್ರತೂನಾಮ್, ಅಲ್ಲಿ ದೋಣಿ ಬದಲಿಸಿ ಅಸೋಕ್ ಕಡೆಗೆ. ನೀರು ಕೊಳಕು, ಸಿಡಿಯದಂತೆ ಪಕ್ಕದಲ್ಲಿ ಕೂತವರು ಪ್ಲಾಸ್ಟಿಕ್ ಪರದೆ ಎಳೆದು ಹಿಡಿಯಬೇಕು. ಹತ್ತುವ ಇಳಿಯುವ ಹೊತ್ತು ಕೆಲವೇ ಸೆಕೆಂಡು, ಮಂಡಿನೋವು ಇರುವವರಿಗೆ ಇದು ಬೇಡ. ಆದರೆ ಖಾವ್ ಸಾನ್ ಕಡೆ ಉಳಿದವರಿಗೆ ಸಂಜೆಯ ಟ್ರಾಫಿಕ್ ತಪ್ಪಿಸಿಕೊಳ್ಳಲು ಇದೇ ದಾರಿ.

ಸ್ಕೈಟ್ರೈನ್ ಮತ್ತು ಮೆಟ್ರೋ ಟಿಕೆಟ್‌ಗಳು ಬೇರೆ ಬೇರೆ, ಒಂದರದ್ದು ಇನ್ನೊಂದಕ್ಕೆ ನಡೆಯುವುದಿಲ್ಲ. ದರ 17 ಬಾಟ್ ಆಸುಪಾಸಿನಿಂದ ಶುರು, ದೂರ ಹೋದಂತೆ ಏರುತ್ತದೆ. ಮೆಟ್ರೋದಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ಟ್ಯಾಪ್ ಮಾಡಿ ಒಳಗೆ ಹೋಗಬಹುದು, ನಿಮ್ಮ ಕಾರ್ಡಿನಲ್ಲಿ ವಿದೇಶಿ ವ್ಯವಹಾರ ಆನ್ ಮಾಡಿಕೊಂಡು ಹೊರಡಿ. ಬೆಳಗ್ಗೆ ಎಂಟಕ್ಕೆ, ಸಂಜೆ ಆರಕ್ಕೆ ಸ್ಟೇಷನ್‌ಗಳಲ್ಲಿ ರಾಷ್ಟ್ರಗೀತೆ ಹಾಕುತ್ತಾರೆ, ಎಲ್ಲರೂ ನಿಂತಲ್ಲೇ ನಿಲ್ಲುತ್ತಾರೆ, ನೀವೂ ನಿಲ್ಲಿ.

ಬಸ್ಸು ಎಲ್ಲಕ್ಕಿಂತ ಅಗ್ಗ. ಏಸಿ ಇಲ್ಲದ ಕೆಂಪು ಬಸ್ಸಿಗೆ 8 ಬಾಟ್ ಇದ್ದರೆ ಸಾಕು. ಸಮಯ ಇದ್ದವರು ಹತ್ತಲಿ, ಕಿಟಕಿ ತೆರೆದಿರುತ್ತದೆ, ಊರು ಹತ್ತಿರದಿಂದ ಕಾಣುತ್ತದೆ. ಆದರೆ ಸಂಜೆ ಐದರಿಂದ ಎಂಟರ ನಡುವೆ ಯಾವ ನಾಲ್ಕು ಚಕ್ರದ ಗಾಡಿಯೂ ಬೇಡ.

ಟುಕ್‌ಟುಕ್‌ಗೆ ಮೀಟರ್ ಇಲ್ಲ, ಚೌಕಾಸಿ ಮಾಡಬೇಕು, ಮಾಡಿದ ಮೇಲೂ ಏಸಿ ಟ್ಯಾಕ್ಸಿಗಿಂತ ಜಾಸ್ತಿಯೇ ಆಗುತ್ತದೆ. ಒಂದು ಸಲ ಅನುಭವಕ್ಕೆ ಹತ್ತಿ, ರಾತ್ರಿ, ಸಣ್ಣ ದೂರಕ್ಕೆ. ಟ್ಯಾಕ್ಸಿ ಮೀಟರ್ 35 ಬಾಟ್‌ನಿಂದ ಶುರು. ಮೀಟರ್ ಹಾಕಲ್ಲ ಅಂದರೆ ಇಳಿದುಬಿಡಿ, ಹಿಂದೆ ಇನ್ನೊಂದು ಬರುತ್ತದೆ. ಗ್ರ್ಯಾಬ್, ಬೋಲ್ಟ್ ಎರಡೂ ಆ್ಯಪ್ ಇಟ್ಟುಕೊಂಡು ದರ ಹೋಲಿಸಿ. ಉದ್ದನೆಯ ಸೋಯಿಯ ತುದಿಗೆ ಹೋಗುವುದಕ್ಕೆ ಕಿತ್ತಳೆ ಜಾಕೆಟ್ಟಿನ ಬೈಕ್ ಟ್ಯಾಕ್ಸಿಯವರು ಮೂಲೆಯಲ್ಲೇ ಕೂತಿರುತ್ತಾರೆ, ಹೆಲ್ಮೆಟ್ ಕೇಳಿ ಹಾಕಿಕೊಳ್ಳಿ.

ಅರಮನೆಯ ಸುತ್ತ ಯಾರಾದರೂ ಒಳ್ಳೆ ಬಟ್ಟೆ ಹಾಕಿಕೊಂಡು, ನಗುತ್ತಾ ಬಂದು, ಇವತ್ತು ಅರಮನೆ ರಜೆ, ಬೇರೆ ದೇವಸ್ಥಾನ ತೋರಿಸುತ್ತೇನೆ, ಟುಕ್‌ಟುಕ್‌ಗೆ ಇಪ್ಪತ್ತೇ ಬಾಟ್ ಅಂದರೆ ನಂಬಬೇಡಿ. ಆ ಗಾಡಿ ಕೊನೆಗೆ ಹರಳಿನ ಅಂಗಡಿಯಲ್ಲೋ ದರ್ಜಿಯ ಅಂಗಡಿಯಲ್ಲೋ ನಿಲ್ಲುತ್ತದೆ. ಎಷ್ಟೋ ವರ್ಷಗಳಿಂದ ನಡೆಯುತ್ತಿರುವ ಮೋಸ ಇದು, ಇನ್ನೂ ನಿಂತಿಲ್ಲ. ಗೇಟಿನವರೆಗೆ ನಡೆದು ನಿಮ್ಮ ಕಣ್ಣಿಂದಲೇ ನೋಡಿ.

ಯಾವ ಏರ್‌ಪೋರ್ಟ್‌ಗೆ ಟಿಕೆಟ್ ತೆಗೆಯಬೇಕು?

ಬ್ಯಾಂಕಾಕ್‌ಗೆ ಎರಡು ವಿಮಾನ ನಿಲ್ದಾಣ. ಪೂರ್ವಕ್ಕೆ 2006ರಲ್ಲಿ ತೆರೆದ ಸುವರ್ಣಭೂಮಿ, ಉತ್ತರಕ್ಕೆ 1914ರಿಂದ ಇರುವ ಡಾನ್ ಮುವಾಂಗ್. ಅಗ್ಗದ ವಿಮಾನಗಳು ಹೆಚ್ಚಾಗಿ ಡಾನ್ ಮುವಾಂಗ್‌ಗೆ ಹೋಗುತ್ತವೆ. ಟಿಕೆಟ್ ದರ ಹೋಲಿಸುವಾಗ ರೂಮ್ ಎಲ್ಲಿದೆ ಅನ್ನುವುದನ್ನೂ ಸೇರಿಸಿ.

ಸುವರ್ಣಭೂಮಿಯಿಂದ ಏರ್‌ಪೋರ್ಟ್ ರೈಲ್ ಲಿಂಕ್ ಇದೆ, ಫಯಾ ಥಾಯ್‌ವರೆಗೆ ಅರ್ಧ ಗಂಟೆ, 45 ಬಾಟ್. ಚೈನಾಟೌನ್, ಸಿಲೋಮ್, ಅಸೋಕ್‌ಗೆ ಹೋಗುವವರು ನಡುವೆ ಮಕ್ಕಸಾನ್‌ನಲ್ಲಿ ಇಳಿದು, ಸೇತುವೆ ದಾಟಿ ಫೆಚಬುರಿ ಮೆಟ್ರೋ ಹಿಡಿಯಿರಿ, ಮೂರೂ ಅದೇ ನೀಲಿ ಮಾರ್ಗದಲ್ಲಿವೆ. ಓನ್ ನುತ್‌ಗಾದರೆ ಫಯಾ ಥಾಯ್‌ನಲ್ಲಿ ಸ್ಕೈಟ್ರೈನ್. ಖಾವ್ ಸಾನ್‌ಗೆ ಎಸ್1 ಬಸ್, 60 ಬಾಟ್. ಡಾನ್ ಮುವಾಂಗ್‌ನಿಂದ ಖಾವ್ ಸಾನ್‌ಗೆ ಎ4 ಬಸ್, 50 ಬಾಟ್. 2021ರಿಂದ ಅಲ್ಲಿಗೂ ಕೆಂಪು ಮಾರ್ಗದ ರೈಲು ಬಂದಿದೆ, ಕ್ರುಂಗ್ ಥೇಪ್ ಅಫಿವತ್ ಸ್ಟೇಷನ್ನಿನವರೆಗೆ ಹೋಗಿ ಅಲ್ಲೇ ಬಾಂಗ್ ಸೂ ಮೆಟ್ರೋ ಹಿಡಿಯಬಹುದು. ನಡುರಾತ್ರಿ ಇಳಿಯುವವರಿಗೆ ಇದ್ಯಾವುದೂ ಸಿಗುವುದಿಲ್ಲ, ಮೀಟರ್ ಟ್ಯಾಕ್ಸಿಯೇ ಗತಿ. ಮೀಟರ್ ಮೇಲೆ ಏರ್‌ಪೋರ್ಟ್ ಶುಲ್ಕ 50 ಬಾಟ್, ಟೋಲ್ ಬೇರೆ. ಅದನ್ನು ಸೇರಿಸಿದರೆ ಅಗ್ಗದ ನಡುರಾತ್ರಿ ಟಿಕೆಟ್ ಎಷ್ಟೋ ಸಲ ಅಗ್ಗವಾಗಿ ಉಳಿಯುವುದಿಲ್ಲ.

2025ರ ಮೇ 1ರಿಂದ ಹೊರಡುವ ಮೊದಲೇ ಆನ್‌ಲೈನ್‌ನಲ್ಲಿ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು. ಅದು ಉಚಿತ. ದುಡ್ಡು ಕೇಳುವ ಸೈಟ್ ಸಿಕ್ಕರೆ ಅದು ಸರ್ಕಾರದ್ದಲ್ಲ, ಮುಚ್ಚಿಬಿಡಿ. ವೀಸಾ ನಿಯಮ ಆಗಾಗ ಬದಲಾಗುತ್ತದೆ, ಟಿಕೆಟ್ ತೆಗೆಯುವ ದಿನ ಥಾಯ್ ರಾಯಭಾರ ಕಚೇರಿಯ ಸೈಟ್ ನೋಡಿಯೇ ತೆಗೆಯಿರಿ. ಡೆಬಿಟ್ ಕಾರ್ಡಿನಲ್ಲಿ ಹಣ ತೆಗೆದರೆ ಅಲ್ಲಿನ ಎಟಿಎಂ ಪ್ರತಿ ಸಲ 200 ಬಾಟ್‌ಗಿಂತ ಜಾಸ್ತಿ ಶುಲ್ಕ ಹಿಡಿಯುತ್ತದೆ, ಪದೇ ಪದೇ ಸ್ವಲ್ಪ ಸ್ವಲ್ಪ ತೆಗೆಯುವುದು ಬೇಡ.

ಸಸ್ಯಾಹಾರಿಗಳಿಗೆ ಎಲ್ಲಿ ಸುಲಭ?

ಪಹುರಾತ್ ಹತ್ತಿರ ಇರುವುದರಿಂದ ಇಲ್ಲೂ ಚೈನಾಟೌನ್‌ಗೇ ನನ್ನ ಮತ. ಬರೀ ವೆಜಿಟೇರಿಯನ್ ಅಂದರೆ ಅಲ್ಲಿ ಸಾಲದು. ಮಾಂಸ ಹಾಕುವುದಿಲ್ಲ, ಆದರೆ ಮೀನಿನ ಸಾರ ನಾಮ್ ಪ್ಲಾ, ಆಯ್‌ಸ್ಟರ್ ಸಾಸ್ ಸದ್ದಿಲ್ಲದೆ ಬೀಳುತ್ತದೆ. ಪಪ್ಪಾಯಿಯ ಸೋಮ್ ತಾಮ್‌ನಲ್ಲಿ, ಪಾಡ್ ಥಾಯ್‌ನಲ್ಲಿ ಒಣ ಸೀಗಡಿ ಇರುತ್ತದೆ. ಹಳದಿ ಬಾವುಟದ ಮೇಲೆ ಕೆಂಪಕ್ಷರದಲ್ಲಿ ಜೇ ಅಂತ ಬರೆದ ಅಂಗಡಿ ಹುಡುಕಿ. ಅಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ನಮ್ಮ ಮನೆಯ ಹಿರಿಯರೂ ಕಣ್ಣುಮುಚ್ಚಿ ತಿನ್ನಬಹುದು. ಆ ಅಕ್ಷರದ ಫೋಟೋ ಫೋನಿನಲ್ಲಿ ಇಟ್ಟುಕೊಳ್ಳಿ, ತೋರಿಸಿದರೆ ಜನ ದಾರಿ ಹೇಳುತ್ತಾರೆ. ಸಾಮಾನ್ಯವಾಗಿ ಅಕ್ಟೋಬರ್ ಸುಮಾರಿಗೆ ಬರುವ ಸಸ್ಯಾಹಾರ ಹಬ್ಬದ ದಿನಗಳಲ್ಲಿ ಯಾವರಾತ್ ಪೂರ್ತಿ ಹಳದಿ ಬಾವುಟ. ಸಸ್ಯಾಹಾರಿಗಳು ಬೀದಿಯೂಟವನ್ನು ಹೆದರಿಕೆಯಿಲ್ಲದೆ ತಿನ್ನಲು ಅದಕ್ಕಿಂತ ಒಳ್ಳೆ ಹೊತ್ತಿಲ್ಲ. ಮಾವಿನಹಣ್ಣು ಅಂಟನ್ನ (ಮ್ಯಾಂಗೋ ಸ್ಟಿಕಿ ರೈಸ್) ಮಾತ್ರ ಬೇಸಿಗೆಯಲ್ಲೇ ತಿನ್ನಿ.

ಯಾವ ತಿಂಗಳು?

ನವೆಂಬರ್‌ನಿಂದ ಫೆಬ್ರವರಿ ತಂಪು, ಬೆಲೆ ಏರುತ್ತದೆ. ಜನವರಿ ಮೇಲೆ ಗಾಳಿಯಲ್ಲಿ ಹೊಗೆಮಂಜು ಜಾಸ್ತಿಯಾಗುತ್ತದೆ, ಉಬ್ಬಸ ಇರುವವರು ನವೆಂಬರ್, ಡಿಸೆಂಬರ್ ಆರಿಸಿ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಳೆ ಜೋರು, ಆದರೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ ಒಂದೆರಡು ಗಂಟೆ ಸುರಿದು ನಿಲ್ಲುತ್ತದೆ, ರೂಮ್ ಅಗ್ಗ, ಜನ ಕಡಿಮೆ. ಜೂನ್, ಜುಲೈ ನಡುವಿನ ದಾರಿ. ಏಪ್ರಿಲ್ ಅತಿ ಬಿಸಿ, ಆ ತಿಂಗಳು ಮಕ್ಕಳು, ಹಿರಿಯರನ್ನು ಕರೆದುಕೊಂಡು ಹೋಗಲೇಬೇಡಿ. ಏಪ್ರಿಲ್ 13ರಿಂದ 15ರವರೆಗೆ ಸೊಂಗ್‌ಕ್ರಾನ್ ನೀರಿನ ಹಬ್ಬ, ಅದಕ್ಕೇ ಅಂತ ಹೋಗುವ ಯುವಕರು ಮಾತ್ರ ಹೋಗಲಿ. ನೀರಾಟ ಅತಿ ಹೆಚ್ಚು ನಡೆಯುವುದು ಖಾವ್ ಸಾನ್ ಮತ್ತು ಸಿಲೋಮ್‌ನಲ್ಲಿ. ಅದರಲ್ಲಿ ಮುಳುಗಬೇಕು ಅಂದರೆ ಆ ಎರಡರಲ್ಲಿ ಒಂದು ಕಡೆ ರೂಮ್ ಮೊದಲೇ ಹಿಡಿಯಿರಿ, ಫೋನು ಪಾಸ್‌ಪೋರ್ಟ್‌ಗೆ ನೀರು ಹೋಗದ ಚೀಲ ತಗೊಳ್ಳಿ. ಬೇಡ ಅನ್ನುವವರು ಆ ಮೂರು ದಿನ ಓನ್ ನುತ್‌ನಲ್ಲಿರಿ, ಅಲ್ಲೂ ಮಕ್ಕಳು ನೀರು ಎರಚುತ್ತಾರೆ, ಆದರೆ ರಸ್ತೆ ದಾಟಿ ಊಟಕ್ಕೆ ಹೋಗಿ ಬರಬಹುದು.